ಬೇರೆ ತಟ್ಟೆ

"ಇವಳಿಂದಾನೇ ಬಂದಿರೋದು, ಬೇಕಾದ್ರೆ ಬರೆದು ಕೊಡ್ತೀನಿ!" ದೊಡ್ಡಮುನಿಯಮ್ಮನ ಗಂಟಲು ಮಹದೇವಪುರದ ಆ ಕಟ್ಟಡದ ಬಾಡಿಗೆಯವರಿಗೆಲ್ಲ ಕೇಳಿಸಿತು.

ಸೊಸೆ ಹಂಸ ಸೊಪ್ಪು ಬಿಡಿಸುತ್ತಲೇ ಇದ್ದಳು. ಅತ್ತೆಗೆ ಎದುರಾಡಿದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆಗಿದ್ದಿಷ್ಟು. ಮೊನ್ನೆ ಮೊಮ್ಮಗ ಮುನೀಂದ್ರ ಕಾಲೇಜಿನಲ್ಲಿ ರಕ್ತ ಕಾರಿಕೊಂಡ. ಇಂದಿರಾನಗರದ ಡಾಕ್ಟರು ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡಿ, ಹುಣ್ಣಾಗಿದೆ ಎಂದರು. ಖಾರ ತಿಂದು ಆದದ್ದಲ್ಲವಂತೆ, ಒಂದು ರೋಗಾಣುವಿನ ಕೆಲಸವಂತೆ. ಅದು ಹೆಚ್ಚಾಗಿ ಚಿಕ್ಕಂದಿನಲ್ಲೇ, ಮನೆಯವರಿಂದಲೇ ಅಂಟುವುದು. ಎಂಜಲು, ಒಂದೇ ತಟ್ಟೆ, ಅಗಿದು ತಿನ್ನಿಸಿದ ತುತ್ತು, ಇಷ್ಟು ಸಾಕು. ವರ್ಷಗಟ್ಟಲೆ ತೆಪ್ಪಗಿದ್ದು ಒಂದು ದಿನ ಹೀಗೆ ತಲೆಯೆತ್ತುತ್ತದೆ. ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ ಎಂದರು ಡಾಕ್ಟರು. ಎಲ್ಲರೂ ಹೋಗಿ ಪರೀಕ್ಷೆಯ ಚೀಲಕ್ಕೆ ಉಸಿರೂದಿ ಬಂದರು.

ಫಲಿತಾಂಶಕ್ಕೆ ಮೊದಲೇ ಮನೆಯಲ್ಲಿ ತೀರ್ಪು ಬಂದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗಾಯಿತು ಹಂಸಳ ಪಾಡು.

ಅವಳು ಹಲಸೂರಿನಿಂದ ಕೆಂಪರಾಜನಿಗೆ ಎರಡನೆಯ ಹೆಂಡತಿಯಾಗಿ ಬಂದವಳು. ತಾಯಿಯಿಲ್ಲದ ಮುನೀಂದ್ರ ಆಗಿನ್ನೂ ಪುಟ್ಟ ಹುಡುಗ. ಅಜ್ಜಿ ಅಗಿದು ಮೆತ್ತಗೆ ಮಾಡಿ ಬಾಯಿಗಿಟ್ಟರೇ ಅವನಿಗೆ ಅನ್ನ ಇಳಿಯುತ್ತಿದ್ದುದು. ಮದುವೆಯಾದ ತಿಂಗಳಲ್ಲೇ ಹಂಸಳಿಗೆ ಕಾಮಾಲೆ ಬಂತು. "ಮಗೀಗೆ ಅಂಟ್ಬಿಟ್ರೆ ಏನ್ಗತಿ?" ಎಂದು ಅತ್ತೆ ಅವಳಿಗೆ ಬೇರೆ ತಟ್ಟೆ, ಬೇರೆ ಲೋಟ ಇಟ್ಟಳು. ಊಟ ಹಿತ್ತಲಿಗೆ ಹೋಯಿತು.

ಕಾಮಾಲೆ ವಾಸಿಯಾಯಿತು. ತಟ್ಟೆ ಮಾತ್ರ ಒಳಗೆ ಬರಲಿಲ್ಲ. ಕೆಂಪರಾಜ ಒಮ್ಮೆ "ಇನ್ನು ಸಾಕಲ್ವೇನಮ್ಮ?" ಎಂದ. ತಾಯಿ ಕಣ್ಣು ಬಿಟ್ಟಳು. ಗಂಡಸು ನೀರಿನ ಮೋಟರ್ ಹಾಕುವ ನೆಪದಲ್ಲಿ ಎದ್ದುಹೋದ.

ಅವಳು ಮಾಡಿದ ಅಡುಗೆ ಆಗುತ್ತಿತ್ತು, ಅವಳ ತಟ್ಟೆ ಆಗುತ್ತಿರಲಿಲ್ಲ! ಒಳಗೆ ಒಂದೇ ದೊಡ್ಡ ಗಂಗಳದ ಸುತ್ತ ಅಜ್ಜಿ, ಮಗ, ಮೊಮ್ಮಗ ಕೂತು ಮುದ್ದೆ ಮುರಿಯುತ್ತ ನಗುವುದು ಹಿತ್ತಲಿಗೆ ಕೇಳುತ್ತಿತ್ತು. ಇವಳು ನೀರಿನ ತೊಟ್ಟಿಯ ಪಕ್ಕ ಒಬ್ಬಳೇ. ಸಾರಿಗೆ ಉಪ್ಪು ಸರಿಯಾಗಿದೆಯಾ ಎಂದು ಕೇಳಲೂ ಒಂದು ಜೀವ ಇರಲಿಲ್ಲ. ಅಯ್ಯೋ, ಹಾಗೆ ಉಂಡ ಅನ್ನ ಮೈಗೆ ಹತ್ತೀತೇ?

ಫಲಿತಾಂಶ ಕೇಳಲು ಯಾರೂ ಏಳಲಿಲ್ಲ. ಹಂಸಳೇ ಹೋದಳು. ದಾರಿಯಲ್ಲಿ ಸಿಕ್ಕ ಗುಡಿಗೆಲ್ಲ ಬಸ್ಸಿನಿಂದಲೇ ಕೈಮುಗಿದಳು. ಮಧ್ಯಾಹ್ನ ಔಷಧದ ಚೀಲ ಹಿಡಿದು ಮರಳಿದಾಗ ಅವಳ ಕಣ್ಣು ಊದಿಕೊಂಡಿದ್ದವು.

"ಎಲ್ಲರಿಗೂ ಇದೆಯಂತೆ," ಎಂದಳು. ಚೀಲದ ಗಂಟು ಬಿಚ್ಚತೊಡಗಿದಳು. "ನನಗೂ."

"ನಾನು ಹೇಳ್ಲಿಲ್ವಾ!" ಎಂದು ಅತ್ತೆ ತೊಡೆ ತಟ್ಟಿದಳು.

ಮಂಚದ ಮೇಲಿದ್ದ ಮುನೀಂದ್ರ ತಲೆಯೆತ್ತಿದ. "ಅಜ್ಜಿ, ಎಲ್ರಿಗೂ ಇದೆ ಅಂದ್ಮೇಲೆ ಚಿಕ್ಕಮ್ಮಂಗೆ ಬೇರೆ ತಟ್ಟೆ ಯಾಕೆ? ಅಂಟೋಕೆ ಇನ್ನೇನು ಉಳಿದಿದೆ?"

ಮುದುಕಿ ಮಗನ ಕಡೆ ತಿರುಗಿದಳು. ಕೆಂಪರಾಜ ಈ ಸಲ ಎದ್ದುಹೋಗಲಿಲ್ಲ. "ಹುಡುಗ ಹೇಳೋದು ಸರಿ ಕಣಮ್ಮ," ಎಂದ.

ಹಂಸ ಮಾತ್ರೆ ಹಂಚಿದಳು. ಮೂವರದೂ ಒಂದೇ ತರಹದ್ದು.

"ನಿಂದ್ಯಾಕೆ ಹಳದಿ?" ಅತ್ತೆಯ ಕಣ್ಣು ಚುರುಕು.

"ನನಗೆ ಬೇರೆ ಕೊಟ್ಟಿದ್ದಾರೆ ಅತ್ತೆ."

"ಜಾಸ್ತಿ ಇರ್ಬೇಕು," ಎಂದಳು ಮುದುಕಿ. ದನಿಯಲ್ಲಿ ಮೊದಲಿನ ಖಾರ ಇರಲಿಲ್ಲ.

ಸಂಜೆ ಊಟಕ್ಕೆ ಗಂಗಳ ಬಂತು. ಹಂಸ ಎಲ್ಲರಿಗೂ ಬಡಿಸಿ, ಅಭ್ಯಾಸಬಲದಿಂದ ಹಿತ್ತಲ ಬಾಗಿಲಿಗೆ ತಿರುಗಿದಳು.

"ಎಲ್ಲಿಗೆ ಹೊರಟೆ? ಬಾ, ಕೂತ್ಕೊ." ದೊಡ್ಡಮುನಿಯಮ್ಮ ಮಂಡಿ ಸರಿಸಿ ಜಾಗ ಮಾಡಿದಳು. ಮುದ್ದೆಯ ತುತ್ತೊಂದನ್ನು ಮುರಿದು, ಬಸ್ಸಾರಿನಲ್ಲಿ ಹೊರಳಿಸಿ, ಸೊಸೆಯ ಕಡೆಗೆ ತಳ್ಳಿದಳು. ಹಂಸ ಅದನ್ನೆತ್ತಿ ಬಾಯಿಗಿಟ್ಟಳು. ಕಣ್ಣಿಂದ ನೀರು ದಳದಳ ಇಳಿಯಿತು.

"ಖಾರ ಆಯ್ತಾ?" ಎಂದಳು ಅತ್ತೆ.

"ಹ್ಞೂಂ ಅತ್ತೆ, ಖಾರ." ಅವಳು ಮತ್ತೆ ಅದೇ ಗಂಗಳಕ್ಕೆ ಕೈ ಹಾಕಿದಳು. ಬೆಳಿಗ್ಗೆ ಡಾಕ್ಟರು ಆಡಿದ ಮಾತು ಇನ್ನೂ ಕಿವಿಯಲ್ಲೇ ಇತ್ತು.

"ಪುಣ್ಯವಂತರು ಕಣಮ್ಮ ನೀವು, ಆ ಮನೇಲಿ ನಿಮಗೊಬ್ಬರಿಗೇ ಇಲ್ಲ. ಸುಸ್ತು ಅಂದ್ರಲ್ಲ, ಈ ಹಳದಿದು ಬರೀ ವಿಟಮಿನ್ನು. ಅವರ ಔಷಧ ಮುಗಿಯೋವರೆಗೂ ಅವರ ತಟ್ಟೇಲಿ ಮಾತ್ರ ಊಟ ಮಾಡ್ಬೇಡಿ."