ನಿಶಿಯ ದನಿ

"ಇನ್ನೊಂದ್ಸಲ ಮಾಶಿಮಾ, ಸ್ವಲ್ಪ ಜೋರಾಗಿ. ಕೇಳಿದೋರ ಎದೆ ಝಲ್ ಅನ್ಬೇಕು" ಎಂದ ಅರ್ಕಪ್ರಭ, ರೆಕಾರ್ಡಿಂಗ್ ಕೋಣೆಯ ಗಾಜಿನ ಈ ಕಡೆಯಿಂದ.

ಗಾಜಿನ ಆ ಕಡೆ ಮೈಕಿನ ಮುಂದೆ ಕುಳಿತಿದ್ದ, ಅವನು ಗೌರವದಿಂದ ಮಾಶಿಮಾ, ಚಿಕ್ಕಮ್ಮ, ಎನ್ನುತ್ತಿದ್ದ ಬೀಥಿಕಾ ಸರ್ಖೇಲ್ ಉಸಿರೆಳೆದುಕೊಂಡು ಘರ್ಜಿಸಿದರು. ಬಂದದ್ದು ಕೆಮ್ಮು. ಒಂದು ಕಾಲಕ್ಕೆ ಕಲ್ಕತ್ತೆಯ ಮಕ್ಕಳು ಈ ದನಿಗೆ ಹೆದರಿ ತಟ್ಟೆ ಖಾಲಿ ಮಾಡುತ್ತಿದ್ದರು. ರೇಡಿಯೋದಲ್ಲಾಗಲಿ ಕತೆಯ ಕ್ಯಾಸೆಟ್ಟಿನಲ್ಲಾಗಲಿ ಮೂವತ್ತು ವರ್ಷ ರಾಕ್ಷಸಿಯೆಂದರೆ ಇವರೇ. ಗಂಟಲಿನ ಆಪರೇಷನ್ ಆದ ಮೇಲೆ ಎರಡು ವರ್ಷದಿಂದ ಒಬ್ಬರೂ ಕರೆದಿರಲಿಲ್ಲ. ಇವತ್ತು ಕರೆದಿದ್ದಾರೆಂದು ಬೆಳಗಿನಿಂದ ಜ್ಯೇಷ್ಠಮಧು ಅಗಿಯುತ್ತ, ಸೊಸೆಯ ಜೊತೆಗೂ ಮಾತಾಡದೆ ದನಿ ಉಳಿಸಿಕೊಂಡು ಟಾಲಿಗಂಜಿನ ಈ ಸ್ಟುಡಿಯೋಗೆ ಬಂದಿದ್ದರು. ಇಲ್ಲಿ ಸೋತರೆ ಇನ್ನು ಯಾರೂ ಕರೆಯುವುದಿಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅರ್ಕಪ್ರಭನ ತಂಡದ ಹೊಸ ಹಾಡು ಪೂರ್ತಿ ಅಜ್ಜಿಕತೆಗಳಿಂದಲೇ ಎತ್ತಿದ್ದು. ವಿಡಿಯೋದಲ್ಲಿ ಮರದ ಮೇಲೆ ಮಾತಾಡುವ ಹಕ್ಕಿ ದಂಪತಿ ಇದ್ದರು. ಕೊಳದ ತಳದಲ್ಲಿ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ರಾಕ್ಷಸಿಯ ಪ್ರಾಣವಿರುವ ದುಂಬಿ. ಕುದುರೆಯ ಮೇಲೆ ಗಿಟಾರ್ ಹಿಡಿದ ರಾಜಕುಮಾರ, ಬೇರೆ ಯಾರು, ಅರ್ಕಪ್ರಭನೇ. ಕೊನೆಯಲ್ಲಿ, ಕತ್ತಲಲ್ಲಿ ಹೆಸರು ಹಿಡಿದು ಕರೆಯುವ ನಿಶಿಯೆಂಬ ದೆವ್ವ ಬಂದು ಅವನನ್ನು ಕರೆದೊಯ್ಯಬೇಕು. ಆ ನಿಶಿಯ ದನಿಯೊಂದೇ ಬಾಕಿ.

"ಬಿಟ್ಬಿಡಪ್ಪ, ಬೀಥಿ ದೀದಿಗೆ ಸುಸ್ತಾಗಿದೆ" ಎಂದರು ರೆಕಾರ್ಡಿಂಗ್ ನೋಡಿಕೊಳ್ಳುತ್ತಿದ್ದ ಹಿಮಾದ್ರಿ ಬಾಬು, ದನಿ ತಗ್ಗಿಸಿ. "ನನ್ಹತ್ರ ಚಿರತೆ ಗುರ್ ಅನ್ನೋ ರೆಕಾರ್ಡಿಂಗ್ ಒಂದಿದೆ. ಸ್ವಲ್ಪ ಎಳೆದು ಹಾಕಿದ್ರಾಯ್ತು."

ಒಳಗಿನವರೊಡನೆ ಮಾತಾಡುವ ಗುಂಡಿ ಒತ್ತಿದಂತೆಯೇ ಇತ್ತು. ಬೀಥಿಕಾ ಅಷ್ಟೂ ಕೇಳಿಸಿಕೊಂಡರು. ಯಾವ ಹುಡುಗಿಯಾದರೂ ತಮ್ಮ ಜಾಗಕ್ಕೆ ಬಂದಿದ್ದರೆ ಸಹಿಸಿಕೊಳ್ಳುತ್ತಿದ್ದರೇನೋ, ಚಿರತೆ ಬಂದದ್ದು ಅವರಿಗೆ ತಡೆಯಲಾಗಲಿಲ್ಲ.

"ನಿಶಿ ಯಾವತ್ತೋ ಗುರ್ ಅಂದಿದ್ದು, ಹಿಮು? ನಿಮ್ಮಜ್ಜಿ ಹಂಗೆ ಹೇಳಿದ್ರಾ?"

ಹಿಮಾದ್ರಿ ಬಾಬು ನಾಲಿಗೆ ಕಚ್ಚಿಕೊಂಡರು. ಅರ್ಕಪ್ರಭನೇ ಸಮಾಧಾನ ಹೇಳಲು ಹೋದ. "ಈಗಿನ ಸೀರಿಯಲ್‌ನಲ್ಲಿ ಎಲ್ಲಾ ದೆವ್ವಾನೂ ಗುರ್ ಅಂತಾವೆ ಮಾಶಿಮಾ. ಜನಕ್ಕೆ ಅದೇ ಅಭ್ಯಾಸ ಆಗೋಗಿದೆ."

"ಗುರ್ ಅಂದ್ರೆ ಯಾವನಪ್ಪ ಬಾಗಿಲು ತೆಗೀತಾನೆ? ನಿಶಿ ಮನೆಯವರ ದನೀಲಿ ಕರೀತಾಳೆ. ಅದೂ ಎರಡೇ ಸಲ, ಮೂರನೇದು ಅವಳ ಕೈಲಾಗಲ್ಲ. ಅಷ್ಟರಲ್ಲಿ ಓ ಅಂದ್ರೆ ಕರ್ಕೊಂಡು ಹೋಗಿಬಿಡ್ತಾಳೆ. ಅದಕ್ಕೇ ಅಲ್ವಾ, ಮೂರು ಸಲ ಕರೆಯೋವರೆಗೂ ಓ ಅನ್ಬೇಡ ಅಂತ ನಿಮ್ಮನ್ನೆಲ್ಲ ಬೆಳೆಸಿದ್ದು? ಇರ್ಲಿ, ಮನೇಲಿ ನಿನ್ನ ಏನಂತ ಕರೀತಾರೆ?"

ಊರ ತುಂಬ ಪೋಸ್ಟರುಗಳಲ್ಲಿ ಮಾರುದ್ದದ ಹೆಸರಿದ್ದವನು ನಾಚಿಕೊಂಡ. "ಟುಬ್ಲು."

ಹಿಮಾದ್ರಿ ಬಾಬು ಕಿಸಕ್ಕನೆ ನಕ್ಕರು.

"ತಾರಸೀಲಿ ಗಾಳಿಪಟ ಹಿಡ್ಕೊಂಡು ನಿಂತಿದ್ರೆ ಊಟಕ್ಕೆ ಯಾರು ಕರೀತಿದ್ರು?"

"ಅಜ್ಜಿ. ಮೀನಿನ ಮುಳ್ಳು ಬಿಡಿಸಿಟ್ಟಿದ್ದೀನಿ ಬಾ, ಅಂತ. ತೀರ್ಕೊಂಡು ನಾಲ್ಕು ವರ್ಷ ಆಯ್ತು."

ಬೀಥಿಕಾ ಕಣ್ಣು ಮುಚ್ಚಿದರು. ಘರ್ಜನೆಗೆ ಒದಗದ ಒಡಕು ಗಂಟಲು ಇದಕ್ಕೆ ತಾನಾಗಿಯೇ ಒದಗಿತು.

"ಟುಬ್ಲೂ... ಮುಳ್ಳೆಲ್ಲ ಬಿಡಿಸಿಟ್ಟಿದ್ದೀನಿ, ಅನ್ನ ಆರ್ತಾ ಇದೆ. ಬಾರೋ."

ನಿಲ್ಲಿಸಿದರು. ಮತ್ತೆ, ಇನ್ನೂ ಮೆತ್ತಗೆ, "ಟುಬ್ಲೂ..."

ಈ ಕಡೆ ಅರ್ಕಪ್ರಭ ಕುರ್ಚಿಯಿಂದ ಅರ್ಧ ಎದ್ದುಬಿಟ್ಟಿದ್ದ. ಓ ಅನ್ನಲು ಅವನ ಬಾಯಿ ತೆರೆಯುವಷ್ಟರಲ್ಲಿ ಹಿಮಾದ್ರಿ ಬಾಬು, ಮಟಮಟ ಮಧ್ಯಾಹ್ನ, ಐದಾರು ಲಕ್ಷದ ಯಂತ್ರಗಳ ನಡುವೆ, ಅಂಗೈಯಿಂದ ಅದನ್ನು ಗಟ್ಟಿಯಾಗಿ ಮುಚ್ಚಿದರು.

ದೀಪದ ಬೆಳಕು ಗಾಜಿಗೆ ಬಡಿದು ಬೀಥಿಕಾರಿಗೆ ಇದೊಂದೂ ಕಾಣುತ್ತಿರಲಿಲ್ಲ. "ಸರಿ ಬಂತೇನಪ್ಪ?" ಎಂದು ಕೇಳಿದರು. ಉತ್ತರವಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಅಂಜುತ್ತಲೇ ಇನ್ನೊಮ್ಮೆ ಕೇಳಿದರು, "ಹೆಂಗಿತ್ತು?" ಆಗಲೂ ಸದ್ದಿಲ್ಲ. ಕೊನೆಗೂ ಚಿರತೆಯೇ ಗೆದ್ದಿತು ಎಂದುಕೊಂಡರು. ಕಣ್ಣು ತುಂಬಿ ಬಂತು. ಕಾಲ ಬಳಿ ಇಟ್ಟಿದ್ದ ಚೀಲ ಎತ್ತಿಕೊಂಡರು.

"ಬೇಡ ಅಂದ್ರೆ ಬೇಡ ಅಂತ ಬಾಯಿಬಿಟ್ಟು ಹೇಳ್ರಪ್ಪ, ನಾನು ಹೊರಡ್ತೀನಿ" ಎಂದರು, ಮೂರನೆಯ ಸಲ.

ಆಗ ಗಾಜಿನ ಈ ಕಡೆಯಿಂದ ಇಬ್ಬರೂ ಒಟ್ಟಿಗೇ "ಓ" ಎಂದರು.