ಎಡಕ್ಕೆ ಸುತ್ತುವ ಮೆಟ್ಟಿಲು

ಹೊನ್ನಾವರ ಬಂದರಿನ ಹಳೇ ಬಂಗಲೆಯ ಸುರುಳಿ ಮೆಟ್ಟಿಲನ್ನು ದೇವು ಒಂದೇ ಉಸಿರಿಗೆ ಹತ್ತಿದ. ಸಾವಿರದ ಎಂಟು ಮೆಟ್ಟಿಲು. ಅರ್ಧ ದಾರಿಯಲ್ಲಿ ಮೋಡವೊಂದು ಅಡ್ಡ ಬಂತು. ಮೊಣಕೈಯಿಂದ ಸರಿಸಿ ಮುಂದೆ ಹೋದ. ತುದಿಯ ಒಂದು ಕಿಟಕಿಯಲ್ಲಿ ಮುರ್ಡೇಶ್ವರದ ಗೋಪುರ ಮೊಣಕಾಲೆತ್ತರಕ್ಕೆ ಕಂಡಿತು, ಇನ್ನೊಂದರಲ್ಲಿ ದುಬೈ. ಅಲ್ಲಿ ಬಾವಲಿಯ ಹಾಗೆ ತಲೆಕೆಳಗಾಗಿ ಜೋತುಬಿದ್ದು ಒಂದೇ ಒಂದು ಫೋಟೋ ಹೊಡೆದ.

ಕುಮಟೆಯ ತನ್ನ ಸ್ಟುಡಿಯೋದಲ್ಲಿ ಕೂತು ಇದನ್ನೆಲ್ಲ ದೇವುವೇ ಹೇಳುತ್ತಿದ್ದ, ಆದ್ದರಿಂದ ಸುಳ್ಳೆನ್ನುವ ಹಾಗಿಲ್ಲ. ಎದುರಿಗೆ ಬಂಗಲೆ ಸಮಿತಿಯ ಪ್ರದೀಪ. ರಿಪೇರಿ ಮುಗಿದ ಬಂಗಲೆಯ ಬಾಗಿಲಲ್ಲೇ ಆ ಫೋಟೋವನ್ನು ಆಳೆತ್ತರ ಮಾಡಿಸಿ ಹಾಕುವುದೆಂದು ತೀರ್ಮಾನವಾಗಿತ್ತು. ಕೆಳಗಿನ ಹಿತ್ತಾಳೆ ಫಲಕಕ್ಕೆ ತೆಗೆದವರ ಹೆಸರು ಬರೆದುಕೊಳ್ಳಲು ಅವನು ಬಂದಿದ್ದ. ಇಪ್ಪತ್ತು ವರ್ಷ ಮದುವೆ ಫೋಟೋ ತೆಗೆದರೂ ದೇವುವಿನ ಹೆಸರು ಆಲ್ಬಮ್ಮಿನ ಹಿಂದಿನ ರಟ್ಟು ದಾಟಿರಲಿಲ್ಲ. ಹಿತ್ತಾಳೆ ಎಂದರೆ ಹಿತ್ತಾಳೆಯೇ.

ಹೆಂಡತಿ ಜಯಂತಿ ಚಾ ತಂದಿಟ್ಟು ಅಲ್ಲೇ ನಿಂತಿದ್ದಳು. ಮೋಡದ ಮಾತಿಗೆ ಅವಳಿಗೆ ಕೆಮ್ಮು ಬಂದಿತ್ತು.

ಫೋಟೋ ಮಾತ್ರ ನಿಜಕ್ಕೂ ಚಂದ. ಮೇಲಿಂದ ಕಂಡ ಮೆಟ್ಟಿಲು ದೊಡ್ಡ ಚಕ್ಕುಲಿಯ ಹಾಗೆ ಸುತ್ತಿ ಸುತ್ತಿ ಕೆಳಗಿಳಿದಿತ್ತು. ಪ್ರದೀಪ ಅದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದ, ಇನ್ನೂ ದೊಡ್ಡದು ಮಾಡಿ ಬಗ್ಗಿದ.

"ದೇವಣ್ಣ, ನೀ ತುದಿಯಲ್ಲಿದ್ದೆ ಅಂದ್ಯಲ. ಹಂಗಾರೆ ಕೆಳಗಿರೂ ಈ ಬೋಳು ಮಂಡೆ ಯಾರದ್ದು?"

"ಅದು... ಬಂಗಲೆ ಕಾಯೂರದ್ದು."

"ಕಾಯೂದು ಈರಮ್ಮ ಮಾರಾಯ. ಅವಳ ಜಡೆ ಸೊಂಟಕ್ಕೆ ಬತ್ತದೆ."

ದೇವು ನೆತ್ತಿ ಸವರಿಕೊಂಡ. ಸವರಿಕೊಳ್ಳಬಾರದಿತ್ತು. ಪ್ರದೀಪನ ಕಣ್ಣು ಪರದೆಯಿಂದ ಆ ನೆತ್ತಿಗೆ, ನೆತ್ತಿಯಿಂದ ಪರದೆಗೆ ಹೋಗಿ ಬಂತು.

"ಹೆಸರು ಇವರದ್ದೇ ಬರ್ಕೊಳಿ," ಎಂದಳು ಜಯಂತಿ ಮೆಲ್ಲಗೆ. "ನಂಗೆಂತಕ್ಕೆ ಅದೆಲ್ಲ."

ದೇವು ಅವಳನ್ನು ನೋಡಿದ. ಚಾ ಆರುತ್ತಿತ್ತು.

"ಬೇಡ. ಜಯಂತಿ ಅಂತ ಬರಿ. ಎಂಟನೇ ಮೆಟ್ಟಿಲಿಗೇ ನಂಗೆ ತಲೆ ತಿರುಗಿತು ಮಾರಾಯ. ಇದು ಎಡಕ್ಕೆ ಸುತ್ತೂ ಮೆಟ್ಟಿಲು, ಅಪ್ರದಕ್ಷಿಣೆ, ಹತ್ತೂದು ಒಳ್ಳೇದಲ್ಲ ಅಂದೆ. ಇಳಿಯೂವಾಗ ಪ್ರದಕ್ಷಿಣೆ ಆಗ್ತದಲ ಅಂದು, ಕ್ಯಾಮೆರಾ ಕಸ್ಕಂಡು ಇವಳೇ ಹತ್ತಿದ್ಲು."

ಪ್ರದೀಪ "ಆತು" ಎಂದು ಬರೆದುಕೊಂಡ. ದೇವು ಪರದೆಯ ಹತ್ತಿರ ಬಗ್ಗಿ ತನ್ನ ತಲೆಯ ಮೇಲೆ ಬೆರಳಿಟ್ಟ.

"ಎರಡೂ ಕೈಯಲ್ಲಿ ಕಟಕಟೆ ತಬ್ಕಂಡು ಕೂತಿದ್ದೆ. ಅದು ಕಾಣದ ಹಂಗೆ ಒಂಚೂರು ಸರಿದು ತೆಗೆದಾಳೆ, ನೋಡು."