ಸತ್ತ ಮಷೀನು

ಪಾತ್ರೆ ತೊಳೆಯುವ ಮಷೀನು ಅರ್ಧಕ್ಕೇ ನಿಂತುಹೋಗಿತ್ತು. ಗುರುಪಾದ ಅದನ್ನು ಮುಂದಕ್ಕೆಳೆದು, ಹಿಂದಿನ ತಗಡು ಬಿಚ್ಚಿ ಒಳಗೆ ಕೈ ಹಾಕಿದ. ನೆಲವೆಲ್ಲ ಒದ್ದೆಯಾಗಿತ್ತು. ಪಕ್ಕದಲ್ಲಿ ಹೆಂಡತಿ ಪದ್ಮಲತಾ ನಿಂತಿದ್ದಳು.

"ರೀ, ಮೇನ್ ಆಫ್ ಮಾಡಿದ್ರಾ?"

"ಬೇಕಾಗಿಲ್ಲ ಕಣೆ. ಟೆಸ್ಟರ್ ಇಟ್ಟು ನೋಡಿದೆ, ಇದಕ್ಕೆ ಕರೆಂಟೇ ಬರ್ತಿಲ್ಲ."

"ನಿಮ್ಮಣ್ಣ ಶಾಕ್ ಹೊಡೆದು ಹೋದ ದಿನ ಅವರೂ ಹೀಗೇ ಅಂದಿದ್ರು."

"ಅದು ಬೋರ್‌ವೆಲ್ ಮೋಟಾರು. ಇದು ಸತ್ತ ಮಷೀನು. ಸುಮ್ನೆ ಹೆದರಬೇಡ."

ಅವನಿಗೆ ಕಾಣದಂತೆ ಅವಳು ಗೋಡೆಯಲ್ಲಿದ್ದ ಮಷೀನಿನ ಪ್ಲಗ್ ಕಿತ್ತಳು.

ಅವನು ನಗುತ್ತಾ ಬರಿಗೈಯಲ್ಲಿ ತಂತಿಯ ತುದಿ ಹಿಡಿದು ತೋರಿಸಿದ. "ನೋಡು, ಏನಾಯ್ತು?"

ಅಷ್ಟರಲ್ಲಿ ಪಕ್ಕದ ಮನೆಯ ಟಿವಿ ಮಾತಾಡತೊಡಗಿತು. ಅವರ ತಲೆಯ ಮೇಲೆ, ಯಾರೂ ಸ್ವಿಚ್ ಮುಟ್ಟದೆಯೇ, ಫ್ಯಾನ್ ತಿರುಗತೊಡಗಿತು.